ಗ್ರೀನ್ ಹಾರ್ನೆಟ್‌ನ ನ್ಯಾವಿಗೇಟರ್: ಲೆಫ್ಟಿನೆಂಟ್ ಚೇಸ್ ನೀಲ್ಸನ್ ಪ್ರಕರಣ

ಬಾಂಬರ್ ವಿಮಾನದ ಸಿಬ್ಬಂದಿ ಸೆರೆ ಸಿಕ್ಕಾಗ ವಿಚಾರಣಾಧಿಕಾರಿ ಮೊದಲು ಹುಡುಕುವುದು ನ್ಯಾವಿಗೇಟರ್‌ನನ್ನು. ಎಲ್ಲಿಂದ ಹೊರಟರು, ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ಬಂದರು, ಎಲ್ಲಿ ಇಳಿಯಬೇಕಿತ್ತು ಎಂಬುದೆಲ್ಲ ಅವನ ಮೇಜಿನ ಮೇಲಿನ ನಕಾಶೆಯಲ್ಲಿ ಪೆನ್ಸಿಲ್ ಗೆರೆಗಳಾಗಿ ಇರುತ್ತದೆ. ನಕಾಶೆ ಕಳೆದುಹೋದರೂ ತಲೆಯಲ್ಲಿ ಉಳಿದಿರುತ್ತದೆ. 1942ರ ಏಪ್ರಿಲ್ 18ರಂದು ಡೂಲಿಟಲ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಅಮೆರಿಕದ ಹದಿನಾರು ಬಾಂಬರ್‌ಗಳು ಟೋಕಿಯೊ ಮೇಲೆ ನಡೆಸಿದ ‘ಡೂಲಿಟಲ್ ದಾಳಿ’ಯ ಆರನೆಯ ವಿಮಾನದ ನ್ಯಾವಿಗೇಟರ್ ಚೇಸ್ ನೀಲ್ಸನ್ ಪ್ರಕರಣವನ್ನು ಈ ಕಾರಣಕ್ಕೇ ಇಲ್ಲಿ ಆರಿಸಿಕೊಂಡಿದೆ. ಅವರ ಕಥೆ ಹದಿಮೂರು ಗಂಟೆಗಳ ಒಂದೇ ಹಾರಾಟದಿಂದ ಶುರುವಾಗಿ ನಲವತ್ತು ತಿಂಗಳ ಸೆರೆಯನ್ನು ದಾಟಿ, ಶಾಂಘೈನ ನ್ಯಾಯಾಲಯದ ಸಾಕ್ಷಿಕಟ್ಟೆಯವರೆಗೆ ಹೋಗುತ್ತದೆ.

ನೀಲ್ಸನ್ ಹುಟ್ಟಿದ್ದು 1917ರ ಜನವರಿ 14ರಂದು, ಅಮೆರಿಕದ ಯೂಟಾ ರಾಜ್ಯದ ಹೈರಮ್ ಎಂಬ ಚಿಕ್ಕ ಊರಿನಲ್ಲಿ. ಓದಿದ್ದು ಸಿವಿಲ್ ಎಂಜಿನಿಯರಿಂಗ್. 1939ರಲ್ಲಿ ಸೇನೆಯ ವಾಯುದಳ ಸೇರಿ ನ್ಯಾವಿಗೇಟರ್ ಆದರು. ದಾಳಿಯ ಹೊತ್ತಿಗೆ ವಯಸ್ಸು 25. ವಿಮಾನ ಬಿ-25ಬಿ ಮಿಚೆಲ್, ಅಡ್ಡಹೆಸರು ‘ಗ್ರೀನ್ ಹಾರ್ನೆಟ್’. ಜೊತೆಗಿದ್ದ ನಾಲ್ವರು: ಪೈಲಟ್ ಡೀನ್ ಹಾಲ್‌ಮಾರ್ಕ್, ಸಹ ಪೈಲಟ್ ರಾಬರ್ಟ್ ಮೀಡರ್, ಬಾಂಬಾರ್ಡಿಯರ್ (ಗುರಿ ನೋಡಿ ಬಾಂಬು ಬೀಳಿಸುವವರು) ವಿಲಿಯಂ ಡೀಟರ್, ಎಂಜಿನಿಯರ್ ಮತ್ತು ಗನ್ನರ್ ಡೊನಾಲ್ಡ್ ಫಿಟ್ಸ್‌ಮಾರಿಸ್.

ಇಂಧನದ ಲೆಕ್ಕ

ಈ ಪ್ರಕರಣದ ಮುಂದಿನ ಎಲ್ಲ ಸಂಕಟದ ಬೇರು ಇಂಧನದ ಲೆಕ್ಕದಲ್ಲಿದೆ. ಆದ್ದರಿಂದ ಅದನ್ನು ಬಿಡಿಸಿ ನೋಡಬೇಕು.

ಬಿ-25ರ ರೆಕ್ಕೆಯ ಟ್ಯಾಂಕುಗಳಲ್ಲಿ ಹಿಡಿಯುತ್ತಿದ್ದುದು 646 ಗ್ಯಾಲನ್. ದಾಳಿಗಾಗಿ ಬಾಂಬ್ ಇಡುವ ಜಾಗದ ಮೇಲ್ಭಾಗದಲ್ಲಿ 225 ಗ್ಯಾಲನ್ ಟ್ಯಾಂಕ್ ಕೂರಿಸಿದರು. ಮುಂಭಾಗದಿಂದ ಹಿಂಭಾಗಕ್ಕೆ ತೆವಳಿಕೊಂಡು ಹೋಗುವ ಇಕ್ಕಟ್ಟಿನ ದಾರಿಯಲ್ಲಿ 160 ಗ್ಯಾಲನ್‌ನ ರಬ್ಬರ್ ಚೀಲ ಹಾಕಿದರು. ಖಾಲಿಯಾದ ಮೇಲೆ ಅದನ್ನು ಒತ್ತಿ ಮಡಚಿದರೆ ದಾರಿ ತೆರೆಯುತ್ತಿತ್ತು. ಕೆಳಗಿನ ಗನ್ ಟರೆಟ್ ಕಿತ್ತು ಆ ಜಾಗಕ್ಕೆ 60 ಗ್ಯಾಲನ್ ಟ್ಯಾಂಕ್. ಹಿಂಭಾಗದಲ್ಲಿ 5 ಗ್ಯಾಲನ್‌ನ ಹತ್ತು ಡಬ್ಬಗಳು. ಒಟ್ಟು 1,141 ಗ್ಯಾಲನ್, ಅಂದರೆ ಸುಮಾರು 4,300 ಲೀಟರ್. ಪೆಟ್ರೋಲಿನ ತೂಕವೇ ಮೂರು ಟನ್ನಿಗಿಂತ ಹೆಚ್ಚು. ಅದರ ಮೇಲೆ 500 ಪೌಂಡಿನ ನಾಲ್ಕು ಬಾಂಬು. ತೂಕ ಇಳಿಸಲು ದೂರಸಂಪರ್ಕದ ದೊಡ್ಡ ರೇಡಿಯೊ ತೆಗೆದುಹಾಕಿದರು. ಬಾಲದಲ್ಲಿ ಮೆಷಿನ್ ಗನ್ ಇದೆ ಎಂದು ತೋರಿಸಲು ಕಪ್ಪು ಬಣ್ಣ ಹೊಡೆದ ಕೋಲುಗಳನ್ನು ಸಿಕ್ಕಿಸಿದರು. ಖಾಲಿ ಡಬ್ಬಗಳ ಬಗ್ಗೆಯೂ ಸ್ಪಷ್ಟ ಸೂಚನೆ ಇತ್ತು: ಒಂದೊಂದಾಗಿ ಎಸೆಯಬಾರದು, ಎಲ್ಲವನ್ನೂ ಕೂಡಿಟ್ಟು ಒಟ್ಟಿಗೆ ಹೊರಹಾಕಬೇಕು. ಒಂದೊಂದಾಗಿ ಎಸೆದರೆ ನೀರಿನ ಮೇಲಿನ ಡಬ್ಬಗಳ ಸಾಲೇ ವಿಮಾನವಾಹಕ ಹಡಗು ಇರುವ ದಿಕ್ಕನ್ನು ಶತ್ರುವಿಗೆ ತೋರಿಸಿಬಿಡುತ್ತಿತ್ತು.

ಯೋಜನೆಯ ಪ್ರಕಾರ ಜಪಾನಿನ ಕರಾವಳಿಯಿಂದ 400ರಿಂದ 500 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಸುಮಾರು 1.85 ಕಿ.ಮೀ.) ದೂರದಲ್ಲಿ, ಸಂಜೆಯ ಹೊತ್ತಿಗೆ ‘ಹಾರ್ನೆಟ್’ ಎಂಬ ವಿಮಾನವಾಹಕ ಹಡಗಿನಿಂದ ಏಳಬೇಕಿತ್ತು. ರಾತ್ರಿ ಬಾಂಬು ಹಾಕಿ, ಬೆಳಕು ಹರಿಯುವಾಗ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಚೂಚೌ ಕಡೆಯ ವಿಮಾನದಾಣಗಳಲ್ಲಿ ಇಳಿಯುವುದು ಲೆಕ್ಕ. ಆದರೆ 18ರ ಬೆಳಿಗ್ಗೆ ಜಪಾನಿನ ಕಾವಲು ದೋಣಿಯೊಂದು ಹಡಗುಗಳನ್ನು ಕಂಡು ರೇಡಿಯೊದಲ್ಲಿ ಸುದ್ದಿ ಕೊಟ್ಟಿತು. ಹತ್ತು ಗಂಟೆ ಮುಂಚೆ, ಸುಮಾರು 170 ನಾಟಿಕಲ್ ಮೈಲಿ ಹಿಂದಿನಿಂದಲೇ ವಿಮಾನಗಳನ್ನು ಹಾರಿಸಬೇಕಾಯಿತು. 8.20ಕ್ಕೆ ಡೂಲಿಟಲ್ ಮೊದಲು ಎದ್ದರು; ಗ್ರೀನ್ ಹಾರ್ನೆಟ್ ಎದ್ದದ್ದು 8.40ಕ್ಕೆ. ಜಪಾನ್ ಆಗ ಸುಮಾರು 650 ನಾಟಿಕಲ್ ಮೈಲಿ ದೂರದಲ್ಲಿತ್ತು.

ಈ ಒಂದು ನಿರ್ಧಾರದಿಂದ ಎರಡು ಪೆಟ್ಟು ಬಿತ್ತು. ದೂರ ಹೆಚ್ಚಿತು ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ನ್ಯಾವಿಗೇಟರ್‌ಗೆ ಅದಕ್ಕಿಂತ ದೊಡ್ಡ ಪೆಟ್ಟು ಹೊತ್ತು ಅದಲುಬದಲಾದದ್ದು. ಹಗಲಿನಲ್ಲಿ ಕಾಣಬೇಕಿದ್ದ ಚೀನಾದ ಕರಾವಳಿಗೆ ಈಗ ಕತ್ತಲಲ್ಲಿ ತಲುಪಬೇಕು. ದಾರಿ ತೋರಬೇಕಿದ್ದ ರೇಡಿಯೊ ಬೀಕನ್ ಚೂಚೌ ತಲುಪಿರಲೇ ಇಲ್ಲ. ಅದನ್ನು ಒಯ್ಯುತ್ತಿದ್ದ ವಿಮಾನ ಕೆಟ್ಟ ಹವೆಯಲ್ಲಿ ಬಿದ್ದುಹೋಗಿತ್ತು. ಇದಾವುದೂ ನೀಲ್ಸನ್‌ಗಾಗಲಿ ಉಳಿದ ನ್ಯಾವಿಗೇಟರ್‌ಗಳಿಗಾಗಲಿ ಗೊತ್ತಿರಲಿಲ್ಲ.

ದಿಕ್ಸೂಚಿಯ ತೊಂದರೆ

ಏಪ್ರಿಲ್ 1ರಂದು ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ ಹಡಗಿಗೆ ಏರಿಸಿದ ವಿಮಾನಗಳು ಎರಡು ವಾರಕ್ಕೂ ಹೆಚ್ಚು ಕಾಲ ಉಕ್ಕಿನ ಹಡಗಿನ ಮೇಲೆ ನಿಂತಿದ್ದವು. ಅಷ್ಟು ದಿನ ಉಕ್ಕಿನ ನಡುವೆ ಇದ್ದರೆ ವಿಮಾನದ ಆಯಸ್ಕಾಂತ ದಿಕ್ಸೂಚಿ ತಪ್ಪು ತೋರಿಸತೊಡಗುತ್ತದೆ. ಇದನ್ನು ತಿಳಿದೇ ಒಂದು ಉಪಾಯ ಮಾಡಿದ್ದರು. ಹಡಗು ಆ ಕ್ಷಣ ಹೋಗುತ್ತಿರುವ ದಿಕ್ಕನ್ನು ದೊಡ್ಡ ಅಂಕಿಗಳಲ್ಲಿ ಬರೆದು ತೋರಿಸುತ್ತಿದ್ದರು. ಎದ್ದ ವಿಮಾನ ಒಮ್ಮೆ ಸುತ್ತಿ ಬಂದು ಹಡಗಿನ ಉದ್ದಕ್ಕೆ ನೇರವಾಗಿ ಅದರ ಮೇಲೆ ಹಾರಬೇಕು. ಆಗ ತನ್ನ ದಿಕ್ಸೂಚಿ ಓದುವ ಅಂಕಿಗೂ ಹಡಗಿನ ಅಂಕಿಗೂ ಇರುವ ವ್ಯತ್ಯಾಸವನ್ನು ನ್ಯಾವಿಗೇಟರ್ ಬರೆದುಕೊಳ್ಳಬೇಕು. ಈ ತಿದ್ದುಪಡಿ ಸರಿ ಇರುವುದು ಆ ಒಂದು ದಿಕ್ಕಿಗೆ ಮಾತ್ರ. ವಿಮಾನ ಬೇರೆ ದಿಕ್ಕಿಗೆ ತಿರುಗಿದರೆ ದೋಷದ ಪ್ರಮಾಣವೂ ಬದಲಾಗುತ್ತದೆ.

ಒಂದು ಡಿಗ್ರಿ ತಪ್ಪಿದರೆ ಪ್ರತಿ 60 ಮೈಲಿಗೆ ಒಂದು ಮೈಲಿ ಪಕ್ಕಕ್ಕೆ ಸರಿಯುತ್ತೇವೆ ಎಂಬುದು ನ್ಯಾವಿಗೇಟರ್‌ಗಳ ಬಾಯಿಲೆಕ್ಕ. 650 ಮೈಲಿಯಲ್ಲಿ 5 ಡಿಗ್ರಿ ತಪ್ಪಾದರೆ ಸುಮಾರು 54 ಮೈಲಿ. ಡೂಲಿಟಲ್ ಅವರ ವಿಮಾನವೇ ಟೋಕಿಯೊಗಿಂತ ಬಹಳ ಉತ್ತರಕ್ಕೆ ಹೋಗಿ ಕರಾವಳಿ ಮುಟ್ಟಿತು. ಮೋಡ ಮುಚ್ಚಿದ್ದರಿಂದ ಸೂರ್ಯನನ್ನು ಸೆಕ್ಸ್‌ಟಂಟ್‌ನಲ್ಲಿ ಹಿಡಿದು ಸ್ಥಾನ ಗುರುತಿಸುವ ದಾರಿ ಮುಚ್ಚಿತ್ತು. ರೇಡಿಯೊ ಬಳಸುವಂತಿಲ್ಲ. ಉಳಿದದ್ದು ಡೆಡ್ ರೆಕನಿಂಗ್ ಒಂದೇ: ಹಾರಿದ ದಿಕ್ಕು, ವೇಗ, ಗಡಿಯಾರ, ಅಲೆಗಳ ನೊರೆ ನೋಡಿ ಅಂದಾಜಿಸಿದ ಗಾಳಿ. ಈ ನಾಲ್ಕನ್ನು ಕೂಡಿಸಿ ‘ಈಗ ಇಲ್ಲಿದ್ದೇವೆ’ ಎಂದು ನಕಾಶೆಯಲ್ಲಿ ಚುಕ್ಕೆ ಇಡುವುದು. ಪ್ರತಿ ಹೊಸ ಚುಕ್ಕೆಯೊಳಗೆ ಹಿಂದಿನ ಎಲ್ಲ ಚುಕ್ಕೆಗಳ ತಪ್ಪು ಸೇರಿಕೊಂಡಿರುತ್ತದೆ.

ಟೋಕಿಯೊದ ಉಕ್ಕಿನ ಕಾರ್ಖಾನೆಯ ಮೇಲೆ ಬಾಂಬು ಹಾಕಿದ ಮೇಲೆ ವಿಮಾನ ಜಪಾನಿನ ದಕ್ಷಿಣ ತೀರದ ಹೊರಗಿನಿಂದ ಪಶ್ಚಿಮಕ್ಕೆ ಸಾಗಿ, ಕ್ಯೂಶೂ ದ್ವೀಪದ ತುದಿ ದಾಟಿ ಪೂರ್ವ ಚೀನಾ ಸಮುದ್ರಕ್ಕೆ ಬಂತು. ಅಲ್ಲಿ ದಾಳಿಗಾರರ ಪಾಲಿಗೆ ಹಿಂದಿನಿಂದ ಗಾಳಿ ಬೀಸಿತು: ಸುಮಾರು 25 ನಾಟ್ (ಗಂಟೆಗೆ 25 ನಾಟಿಕಲ್ ಮೈಲಿ) ವೇಗದಲ್ಲಿ, ಏಳು ಗಂಟೆ. ಲೆಕ್ಕ ಹಾಕಿದರೆ 175 ನಾಟಿಕಲ್ ಮೈಲಿ. ಮುಂಚೆ ಎದ್ದದ್ದರಿಂದ ಹೆಚ್ಚಾದ 170 ಮೈಲಿಯನ್ನು ಗಾಳಿ ಹೆಚ್ಚುಕಡಿಮೆ ಹಾಗೆಯೇ ತೀರಿಸಿಕೊಟ್ಟಿತು. ಹಾಗಿದ್ದೂ ಗ್ರೀನ್ ಹಾರ್ನೆಟ್‌ಗೆ ಸಾಲಲಿಲ್ಲ. ಬೆಳಗಿನ ಹಾದಿಯ ಎದುರುಗಾಳಿ, ನೀರಿನ ಮಟ್ಟದಲ್ಲಿ ಹಾರುವಾಗ ಆಗುವ ಹೆಚ್ಚು ಖರ್ಚು, ಗುರಿಯ ಮೇಲೆ ಸುತ್ತಾಡಿದ್ದು, ಎಲ್ಲ ಸೇರಿ ಕರಾವಳಿಗೆ ಸ್ವಲ್ಪವೇ ದೂರ ಇರುವಾಗ ಎಂಜಿನ್‌ಗಳು ನಿಂತವು.

ನೀರಿಗೆ ಇಳಿದ ರಾತ್ರಿ

ಕತ್ತಲೆ, ಮಳೆ, ಕೆಳಗೆ ಉಕ್ಕುವ ಸಮುದ್ರ. ಇಂಥ ಇಳಿಕೆ ಏಕೆ ಕೆಡುತ್ತದೆ ಎಂಬುದು ವೈಮಾನಿಕರಿಗೆ ಚೆನ್ನಾಗಿ ಗೊತ್ತು. ಎತ್ತರ ತೋರಿಸುವ ಆಲ್ಟಿಮೀಟರ್ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಹೊರಟಲ್ಲಿನ ಒತ್ತಡಕ್ಕೆ ಹೊಂದಿಸಿದ ಮೀಟರ್, ಕಡಿಮೆ ಒತ್ತಡದ ಮಳೆಗಾಳಿಯೊಳಗೆ ಹೊಕ್ಕಾಗ ಇರುವುದಕ್ಕಿಂತ ಹೆಚ್ಚು ಎತ್ತರ ತೋರಿಸುತ್ತದೆ. ಒಂದು ಮಿಲಿಬಾರ್ ವ್ಯತ್ಯಾಸಕ್ಕೆ ಸುಮಾರು 8 ಮೀಟರ್. ಆ ಜಾಗದ ಒತ್ತಡ ಎಷ್ಟು ಎಂದು ಹೇಳಲು ಯಾವ ನೆಲೆಯೂ ಇರಲಿಲ್ಲ. ಜೊತೆಗೆ ಬಿ-25ರ ಮೂತಿ ಪೂರ್ತಿ ಗಾಜು. ನೀರಿಗೆ ಬಡಿದಾಗ ಮೊದಲು ಒಡೆಯುವುದೂ ಅದೇ.

ಹಾಲ್‌ಮಾರ್ಕ್ ಮುಂದಿನ ಗಾಜಿನ ಮೂಲಕ ಹೊರಕ್ಕೆ ಎಸೆಯಲ್ಪಟ್ಟರು. ನೀಲ್ಸನ್ ಮೂಗು ಮುರಿಯಿತು. ಡೀಟರ್ ಮತ್ತು ಫಿಟ್ಸ್‌ಮಾರಿಸ್‌ಗೆ ಬಿದ್ದ ಪೆಟ್ಟು ತೀವ್ರವಾಗಿತ್ತು. ಐವರೂ ಮುಳುಗುತ್ತಿದ್ದ ವಿಮಾನದ ಮೇಲೆ ಹತ್ತಿದರೂ ಅಲೆಗಳು ಅವರನ್ನು ಚದುರಿಸಿಬಿಟ್ಟವು. ದಡ ಮುಟ್ಟಿದವರು ಮೂವರು. ಡೀಟರ್ ಮತ್ತು ಫಿಟ್ಸ್‌ಮಾರಿಸ್ ದೇಹಗಳು ಮರುದಿನ ತೀರಕ್ಕೆ ಬಂದವು. ಸ್ಥಳೀಯರ ನೆರವಿನಿಂದ ಅಲ್ಲೇ ಮಣ್ಣು ಮಾಡಿದರು. ಕೆಲವೇ ದಿನಗಳಲ್ಲಿ ಜಪಾನಿ ಸೈನಿಕರು ಬಂದು ಮೂವರನ್ನೂ ಹಿಡಿದರು.

ದಾಳಿಯ 80 ಮಂದಿಯಲ್ಲಿ ಸೆರೆಯಾದವರು ಎಂಟು ಜನ. ಇನ್ನೈವರು ಹದಿನಾರನೆಯ ವಿಮಾನದವರು: ಪೈಲಟ್ ವಿಲಿಯಂ ಫ್ಯಾರೋ, ರಾಬರ್ಟ್ ಹೈಟ್, ನ್ಯಾವಿಗೇಟರ್ ಜಾರ್ಜ್ ಬಾರ್, ಜೇಕಬ್ ಡಿಶೇಜರ್, ಹೆರಾಲ್ಡ್ ಸ್ಪಾಟ್ಸ್. ಉಳಿದ ಬಹುತೇಕರನ್ನು ಚೀನಾದ ಹಳ್ಳಿಗರು ಬಚ್ಚಿಟ್ಟು ದಾಟಿಸಿದರು. ಆ ನೆರವಿಗೆ ಜಪಾನಿ ಸೇನೆ ಝೆಜಿಯಾಂಗ್ ಮತ್ತು ಜಿಯಾಂಗ್ಸಿ ಪ್ರಾಂತ್ಯಗಳಲ್ಲಿ ತೀರಿಸಿಕೊಂಡ ಸೇಡಿನಲ್ಲಿ ಸತ್ತ ನಾಗರಿಕರ ಅಂದಾಜು ಎರಡೂವರೆ ಲಕ್ಷದವರೆಗೆ ಹೋಗುತ್ತದೆ. ದಾಳಿಯ ಕಥೆ ಹೇಳುವಾಗ ಈ ಲೆಕ್ಕವನ್ನು ಬಿಟ್ಟು ಹೇಳುವುದು ಅನ್ಯಾಯ.

ವಿಚಾರಣೆ

1929ರ ಜಿನೀವಾ ಒಪ್ಪಂದದಂತೆ ಯುದ್ಧಕೈದಿ ಹೇಳಬೇಕಾದದ್ದು ಹೆಸರು ಮತ್ತು ಹುದ್ದೆ, ಇಲ್ಲವೇ ಸೈನಿಕ ಸಂಖ್ಯೆ. ಜಪಾನ್ ಅದಕ್ಕೆ ಸಹಿ ಹಾಕಿತ್ತು, ಅನುಮೋದಿಸಿರಲಿಲ್ಲ. ಆದರೂ ಅಗತ್ಯ ಬದಲಾವಣೆಗಳೊಂದಿಗೆ ಪಾಲಿಸುತ್ತೇವೆ ಎಂದು 1942ರ ಆರಂಭದಲ್ಲಿ ತಿಳಿಸಿತ್ತು. ಮಿಲಿಟರಿ ಪೊಲೀಸರಾದ ಕೆಂಪೆತಾಯ್ ಶಾಂಘೈನಲ್ಲಿ ನೀಲ್ಸನ್‌ರನ್ನು ಕೂರಿಸಿ ಕೇಳಿದ್ದು ಒಂದೇ ಪ್ರಶ್ನೆ: ಎಲ್ಲಿಂದ ಬಂದಿರಿ?

ಮುಂದೆ ನ್ಯಾಯಾಲಯದಲ್ಲಿ ಅವರು ಆ ದಿನಗಳನ್ನು ಕ್ರಮವಾಗಿ ವಿವರಿಸಿದರು. ಬೆರಳುಗಳ ನಡುವೆ ಕಡ್ಡಿಗಳನ್ನಿಟ್ಟು ಕೈ ಅದುಮಿ ಎಳೆಯುವುದು. ಮೊಣಕಾಲ ಹಿಂದೆ ಬಿದಿರಿನ ಕೋಲು ಇಟ್ಟು ಕುಕ್ಕರಿಸಿ, ತೊಡೆಯ ಮೇಲೆ ತುಳಿಯುವುದು. ನೆಲಕ್ಕೆ ಮಲಗಿಸಿ ಮುಖದ ಮೇಲೆ ಟವೆಲ್ ಹಾಕಿ ಬಾಯಿ ಮೂಗಿಗೆ ನೀರು ಸುರಿಯುವುದು. ಮುಳುಗಿಹೋಗುತ್ತಿರುವಂತೆ, ಸಾವು ಬದುಕಿನ ನಡುವೆ ಉಸಿರಿಗೆ ಒದ್ದಾಡಿದಂತೆ ಅನಿಸಿತು ಎಂದರು. ಕಣ್ಣಿಗೆ ಬಟ್ಟೆ ಕಟ್ಟಿ, ಗುಂಡು ಹಾರಿಸುವ ತಂಡದ ಮುಂದೆ ನಿಲ್ಲಿಸಿದಂತೆ ನಟಿಸಿ ವಾಪಸ್ ಕರೆತಂದರು. ಒಂದು ರಾತ್ರಿ ಕೈಕೋಳದಿಂದ ಗೋಡೆಯ ಗೂಟಕ್ಕೆ ನೇತುಹಾಕಿದರು. ಕಾಲ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು.

ನಂತರ ಅವರನ್ನು ಟೋಕಿಯೊಗೆ ಒಯ್ದು ಜೂನ್ ಮಧ್ಯದವರೆಗೂ ವಿಚಾರಣೆ ಮುಂದುವರಿಸಿದರು. ಅಲ್ಲಿ ಆಟ ಬದಲಾಯಿತು. ಬಿದ್ದ ವಿಮಾನಗಳಿಂದ ಸಿಕ್ಕ ನಕಾಶೆ ಮತ್ತು ಕಾಗದಗಳನ್ನು ಅಧಿಕಾರಿಗಳು ಕೈದಿಗಳ ಮುಂದೆ ಹರಡಿದರು. ಗ್ರೀನ್ ಹಾರ್ನೆಟ್‌ನ ನಕಾಶೆ ಸಮುದ್ರದ ಪಾಲಾಗಿತ್ತು. ಆದರೆ ಹದಿನಾರು ವಿಮಾನಗಳೂ ಹೊರಟದ್ದು ಒಂದೇ ಬಿಂದುವಿನಿಂದ. ಯಾವುದೋ ಒಂದು ನಕಾಶೆಯಲ್ಲಿ ಆ ಗೆರೆ ಉಳಿದಿದ್ದರೂ ಎಲ್ಲರ ಗುಟ್ಟೂ ಬಯಲು. ನ್ಯಾವಿಗೇಟರ್‌ಗಳ ತರಬೇತಿಯಲ್ಲಿ ನಕಾಶೆ ಮತ್ತು ಲಾಗ್ ಪುಸ್ತಕ ನಾಶಮಾಡುವುದಕ್ಕೆ ಯಾಕೆ ಅಷ್ಟು ಒತ್ತು ಎಂಬುದು ಇಲ್ಲಿ ಅರ್ಥವಾಗುತ್ತದೆ. ಒಬ್ಬರ ಮೌನದಿಂದ ಸಿಗುವುದು ಸಮಯ. ಆ ಸಮಯದಲ್ಲಿ ಹಡಗುಗಳು ದೂರ ಸಾಗಿರುತ್ತವೆ, ಉಳಿದವರು ದಾಟಿಕೊಂಡಿರುತ್ತಾರೆ. ನೀಲ್ಸನ್ ಶಾಂಘೈನಲ್ಲಿ ಬಾಯಿ ಬಿಡದೆ ಉಳಿದದ್ದನ್ನು ಹೀಗೆಯೇ ಅಳೆಯಬೇಕು.

ಕೊನೆಗೆ ಜಪಾನಿ ಭಾಷೆಯಲ್ಲಿ ಬರೆದ, ಅವರಿಗೆ ಓದಲು ಬಾರದ ಕಾಗದಗಳಿಗೆ ಸಹಿ ಹಾಕಿಸಿಕೊಂಡರು. ಶಾಲೆ, ಆಸ್ಪತ್ರೆಗಳ ಮೇಲೆ ಬೇಕೆಂದೇ ದಾಳಿ ಮಾಡಿದೆವು ಎಂಬ ತಪ್ಪೊಪ್ಪಿಗೆಯಾಗಿ ಅವು ನಂತರ ಬಳಕೆಯಾದವು.

ಎರಡು ಗಂಟೆಯ ವಿಚಾರಣೆ, ಮೂರು ಮರಣದಂಡನೆ

ಜೂನ್‌ನಲ್ಲಿ ಎಂಟೂ ಜನರನ್ನು ಶಾಂಘೈನ ಬ್ರಿಜ್ ಹೌಸ್ ಸೆರೆಗೆ ತಂದರು. ಇಕ್ಕಟ್ಟಾದ ಕೊಳಕು ಕೋಣೆ, ಹೇನು, ತೆಳು ಅಕ್ಕಿಗಂಜಿ, ಒಂದಿಷ್ಟು ಬ್ರೆಡ್. ಹಾಲ್‌ಮಾರ್ಕ್ ಆಮಶಂಕೆಯಿಂದ ನೆಲ ಹಿಡಿದರು. ಆಗಸ್ಟ್ 28ರಂದು ಕಿಯಾಂಗ್ವಾನ್ ಮಿಲಿಟರಿ ಸೆರೆಮನೆಯಲ್ಲಿ ನಡೆದ ನ್ಯಾಯಾಲಯಕ್ಕೆ ಅವರನ್ನು ಸ್ಟ್ರೆಚರ್ ಮೇಲೆಯೇ ತಂದಿಟ್ಟರು. ವಕೀಲರಿಲ್ಲ, ಆರೋಪ ಏನೆಂದು ಅವರ ಭಾಷೆಯಲ್ಲಿ ಹೇಳಲಿಲ್ಲ, ಸಾಕ್ಷಿಗಳೂ ಇಲ್ಲ. ಹೆಚ್ಚೆಂದರೆ ಎರಡು ಗಂಟೆಯ ಕಲಾಪ. ಅನ್ವಯಿಸಿದ್ದು ‘ಶತ್ರು ವೈಮಾನಿಕರ ಕಾಯ್ದೆ’. ಅದು ಜಾರಿಗೆ ಬಂದದ್ದೇ ಅದೇ ಆಗಸ್ಟ್‌ನಲ್ಲಿ, ದಾಳಿ ನಡೆದದ್ದು ಏಪ್ರಿಲ್‌ನಲ್ಲಿ. ಮಾಡುವಾಗ ಅಪರಾಧವೇ ಅಲ್ಲದ ಕೆಲಸಕ್ಕೆ ಆಮೇಲೆ ಕಾನೂನು ಬರೆದು ಶಿಕ್ಷೆ ಕೊಟ್ಟರು.

ಎಂಟೂ ಜನರಿಗೆ ಮರಣದಂಡನೆ ವಿಧಿಸಿದರೂ ಅವರಿಗೆ ತಿಳಿಸಲಿಲ್ಲ. ಐವರ ಶಿಕ್ಷೆಯನ್ನು ಚಕ್ರವರ್ತಿಯ ಹೆಸರಿನಲ್ಲಿ ಜೀವಾವಧಿಗೆ ಇಳಿಸಲಾಯಿತು. ಅಕ್ಟೋಬರ್ 15ರಂದು ಹಾಲ್‌ಮಾರ್ಕ್, ಫ್ಯಾರೋ, ಸ್ಪಾಟ್ಸ್ ಮೂವರನ್ನು ಶಾಂಘೈನ ಸಾರ್ವಜನಿಕ ಸ್ಮಶಾನದಲ್ಲಿ ಶಿಲುಬೆಯಂಥ ಕಂಬಗಳಿಗೆ ಕಟ್ಟಿ ಗುಂಡಿಕ್ಕಿದರು. ಗೆಳೆಯರು ಏನಾದರೆಂದು ನೀಲ್ಸನ್‌ಗೆ ಆಗ ಯಾರೂ ಹೇಳಲಿಲ್ಲ. ಅಮೆರಿಕದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಈ ಮರಣದಂಡನೆಗಳನ್ನು ಪ್ರಕಟಿಸಿದ್ದು 1943ರ ಏಪ್ರಿಲ್ 21ರಂದು. ಸತ್ತವರು ಯಾರು, ಉಳಿದವರು ಯಾರು ಎಂಬುದು ಎಂಟು ಮನೆಗಳಲ್ಲೂ ತಿಳಿಯದೆ ಉಳಿಯಿತು.

ಪಾಲಿಶ್ ಅಕ್ಕಿ ಮತ್ತು ಒಂಟಿ ಕೋಣೆ

1943ರ ಏಪ್ರಿಲ್‌ನಲ್ಲಿ ಉಳಿದ ಐವರನ್ನೂ ಚೀನಾದ ನಾನ್‌ಕಿಂಗ್‌ಗೆ ಸಾಗಿಸಿದರು. ಸೆರೆವಾಸದ ಬಹುಪಾಲು ಒಂಟಿ ಕೋಣೆಯಲ್ಲೇ ಕಳೆಯಿತು. ಇಲ್ಲಿ ಕೊಂದದ್ದು ಹೊಡೆತಕ್ಕಿಂತ ಹೆಚ್ಚಾಗಿ ಊಟ.

ಬೆರಿಬೆರಿ ಬರುವುದು ಥಯಾಮಿನ್, ಅಂದರೆ ಬಿ1 ಜೀವಸತ್ವದ ಕೊರತೆಯಿಂದ. ದೊಡ್ಡವರಿಗೆ ದಿನಕ್ಕೆ ಸುಮಾರು ಒಂದು ಮಿಲಿಗ್ರಾಂ ಬೇಕು. ದೇಹ ಕೂಡಿಟ್ಟುಕೊಳ್ಳುವುದು ಕೆಲವು ವಾರಗಳಿಗೆ ಸಾಕಾಗುವಷ್ಟು ಮಾತ್ರ. ಅಕ್ಕಿಯಲ್ಲಿ ಅದು ಇರುವುದು ತೌಡಿನಲ್ಲಿ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ತೌಡೇ ಇಲ್ಲ, ತೊಳೆದರೆ ಉಳಿದದ್ದೂ ಹೋಗುತ್ತದೆ. ನಮ್ಮ ಕರಾವಳಿಯ ಕುಚ್ಚಲಕ್ಕಿ ತಿನ್ನುವವರಲ್ಲಿ ಈ ರೋಗ ಅಪರೂಪವಾಗಲು ಕಾರಣವೂ ಇದೇ: ಭತ್ತವನ್ನು ಬೇಯಿಸಿ ಒಣಗಿಸುವಾಗ ಬಿ1 ತೌಡಿನಿಂದ ಕಾಳಿನೊಳಕ್ಕೆ ಇಳಿಯುತ್ತದೆ. ಬರೀ ಬಿಳಿ ಅಕ್ಕಿಗಂಜಿ ಇನ್ನೊಂದು ರೀತಿಯಲ್ಲೂ ಕೆಡುಕು, ಏಕೆಂದರೆ ಪಿಷ್ಟ ಹೆಚ್ಚಾದಷ್ಟೂ ಅದನ್ನು ಅರಗಿಸಲು ಬಿ1 ಹೆಚ್ಚು ಬೇಕು. ಮೊದಲು ಪಾದ ಜೋಮು ಹಿಡಿಯುತ್ತದೆ, ಆಮೇಲೆ ಕಾಲು ಊದಿಕೊಳ್ಳುತ್ತದೆ, ಒತ್ತಿದರೆ ಗುಳಿ ಬೀಳುತ್ತದೆ, ಕೊನೆಗೆ ಹೃದಯ ಸೋಲುತ್ತದೆ. ಆಮಶಂಕೆ ಜೊತೆಯಾದರೆ ಕರುಳು ಇದ್ದಷ್ಟು ಸತ್ವವನ್ನೂ ಹೀರಿಕೊಳ್ಳುವುದಿಲ್ಲ. ಮೀಡರ್‌ಗೆ ಎರಡೂ ಬಂದವು. 1943ರ ಡಿಸೆಂಬರ್ 1ರಂದು ತೀರಿಕೊಂಡರು.

ಆ ಸಾವಿನ ನಂತರ ಜಪಾನಿ ಅಧಿಕಾರಿಗಳು ಊಟವನ್ನು ಸ್ವಲ್ಪ ಸುಧಾರಿಸಿದರು. ಓದಲು ಒಂದು ಬೈಬಲ್ ಕೊಟ್ಟರು. ನಾಲ್ವರೂ ಸರದಿಯ ಮೇಲೆ ಓದಿದರು. ಸರಿಯಾದ ಊಟವನ್ನು ಕೆಲವು ತಿಂಗಳು ಮುಂಚೆ ಕೊಟ್ಟಿದ್ದರೆ ಮೀಡರ್ ಬದುಕುಳಿಯಬಹುದಿತ್ತು. ಬೆರಿಬೆರಿಗೆ ಬೇಕಾದ್ದು ತೌಡು, ಬೇಳೆ, ಕಾಳು, ಅಪರೂಪದ ಔಷಧವಲ್ಲ.

1945ರ ಜೂನ್‌ನಲ್ಲಿ ನಾಲ್ವರನ್ನೂ ಪೀಕಿಂಗ್‌ಗೆ (ಇಂದಿನ ಬೀಜಿಂಗ್) ಒಯ್ದರು. ಆಗಸ್ಟ್ 20ರಂದು ಬಿಡುಗಡೆ; ಕೆಲವೇ ದಿನ ಮುಂಚೆ ಪ್ಯಾರಾಶೂಟ್‌ನಲ್ಲಿ ಇಳಿದಿದ್ದ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಓಎಸ್ಎಸ್‌ನ ತಂಡ ಅವರ ಇರುವನ್ನು ಪತ್ತೆಹಚ್ಚಿತ್ತು. ಬಾರ್ ಸಾವಿನ ಅಂಚಿನಲ್ಲಿದ್ದರು, ಕೂಡಲೇ ಸಾಗಿಸುವಂತೆಯೂ ಇರಲಿಲ್ಲ. ನೀಲ್ಸನ್, ಹೈಟ್, ಡಿಶೇಜರ್ ಚೀನಾದ ಚುಂಗ್‌ಕಿಂಗ್ ಮೂಲಕ ಮನೆಗೆ ಮರಳಿದರು.

ಸಾಕ್ಷಿ

1946ರ ಆರಂಭದಲ್ಲಿ ನೀಲ್ಸನ್ ಮತ್ತೆ ಶಾಂಘೈಗೆ ಹೋದರು. ಬಿಡುಗಡೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಉಳಿದ ಮೂವರು ಲಿಖಿತ ಹೇಳಿಕೆ ಕೊಟ್ಟರು. ಖುದ್ದಾಗಿ ನಿಂತು ಸಾಕ್ಷಿ ನುಡಿದ ದಾಳಿಗಾರ ಇವರೊಬ್ಬರೇ. ಅಮೆರಿಕದ ಮಿಲಿಟರಿ ಆಯೋಗದ ಕಲಾಪ ಫೆಬ್ರವರಿ 27ರಂದು ಶುರುವಾಗಿ ಏಪ್ರಿಲ್ 15ಕ್ಕೆ ಮುಗಿಯಿತು. ಆರೋಪಿಗಳು ನಾಲ್ವರು: ಜಪಾನಿನ ಹದಿಮೂರನೆಯ ಸೇನೆಯ ದಳಪತಿ ಶಿಗೆರು ಸವಾದಾ, 1942ರ ನ್ಯಾಯಪೀಠದಲ್ಲಿ ಕೂತಿದ್ದ ಯೂಸೆ ವಾಕೊ ಮತ್ತು ರ್ಯೂಹೆ ಒಕಾದಾ, ಸೆರೆಮನೆಯ ಮುಖ್ಯಸ್ಥ ಸೋತೊಜಿರೊ ತತ್ಸುತಾ.

ನ್ಯಾವಿಗೇಟರ್‌ನ ಕಸುಬು ಇಲ್ಲಿ ಕೆಲಸಕ್ಕೆ ಬಂತು ಎನ್ನುವುದು ನಮ್ಮ ಅಭಿಪ್ರಾಯ. ಗಡಿಯಾರ, ಕ್ರಮ, ಜಾಗ, ದಿಕ್ಕು ಇವುಗಳನ್ನು ಬರೆದಿಡದೆಯೂ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಅಭ್ಯಾಸ ಅದು. ಕೊಠಡಿ ಹೇಗಿತ್ತು, ಯಾವುದರ ನಂತರ ಯಾವುದು ನಡೆಯಿತು, ಎಷ್ಟು ಹೊತ್ತು ನೇತುಹಾಕಿದ್ದರು ಎಂದು ಕೇಳಿದಾಗ ಅವರ ಉತ್ತರ ಕ್ರಮ ತಪ್ಪಲಿಲ್ಲ. ನೀರು ಸುರಿಯುವ ಹಿಂಸೆಯ ಬಗ್ಗೆ ಅವರು ಕೊಟ್ಟ ವಿವರವನ್ನು ದಶಕಗಳ ನಂತರವೂ, ಆ ವಿಧಾನ ಚಿತ್ರಹಿಂಸೆಯೋ ಅಲ್ಲವೋ ಎಂಬ ಚರ್ಚೆಯಲ್ಲಿ ಕಾನೂನು ತಜ್ಞರು ಉಲ್ಲೇಖಿಸಿದರು.

ತೀರ್ಪು ಹಲವರನ್ನು ಕೆರಳಿಸಿತು. ಸವಾದಾ, ಒಕಾದಾ, ತತ್ಸುತಾ ಮೂವರಿಗೆ ತಲಾ 5 ವರ್ಷ ಕಠಿಣ ಶಿಕ್ಷೆ, ವಾಕೊಗೆ 9 ವರ್ಷ. ಆರೋಪಿಗಳು ಮೇಲಿನವರ ಆಜ್ಞೆಯಂತೆ ನಡೆದುಕೊಂಡರು ಎಂಬುದನ್ನು ಆಯೋಗ ಪರಿಗಣಿಸಿತು. ವಾಕೊಗೆ ಮಾತ್ರ ಹೆಚ್ಚು, ಏಕೆಂದರೆ ಆತ ಕಾನೂನು ಓದಿದವನು; ಆ ಸಾಕ್ಷ್ಯ ಎಂಥದ್ದು ಎಂದು ತಿಳಿಯುವ ಶಕ್ತಿ ಇದ್ದೂ ಮರಣದಂಡನೆಗೆ ಮತ ಹಾಕಿದ್ದ. ಈ ಭೇದವಾದರೂ ನ್ಯಾಯಯುತ ಎನ್ನಬೇಕು. ಶಿಕ್ಷೆಯ ಪ್ರಮಾಣವನ್ನು ಹಾಗೆನ್ನಲು ಮನಸ್ಸು ಒಪ್ಪುವುದಿಲ್ಲ.

ಗುಂಡಿಗೆ ಬಲಿಯಾದ ಮೂವರ ಚಿತಾಭಸ್ಮದ ಕರಂಡಗಳು ಶಾಂಘೈನ ಅಂತ್ಯಕ್ರಿಯೆ ಸಂಸ್ಥೆಯೊಂದರಲ್ಲಿ, ಬೇರೆ ಯಾರದೋ ಹೆಸರು ಬರೆದ ಸ್ಥಿತಿಯಲ್ಲಿ ಸಿಕ್ಕವು. ಕೊಲ್ಲುವ ಮುನ್ನ ಅವರಿಂದ ಬರೆಸಿಕೊಂಡಿದ್ದ, ಮನೆಗೆ ಕಳಿಸದೇ ಉಳಿದ ಕಾಗದಗಳೂ ಜಪಾನಿ ಕಡತಗಳಲ್ಲಿ ದೊರೆತವು. ನೀಲ್ಸನ್ ವಾಯುಪಡೆಯಲ್ಲೇ ಮುಂದುವರಿದು 1961ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದರು. 2007ರ ಮಾರ್ಚ್ 23ರಂದು, ತಮ್ಮ 90ನೇ ವಯಸ್ಸಿನಲ್ಲಿ ಯೂಟಾದಲ್ಲೇ ತೀರಿಕೊಂಡರು. ಪೈಲಟ್ ಹಾಲ್‌ಮಾರ್ಕ್ ಅವರ ಅಸ್ಥಿ ಅಷ್ಟರಲ್ಲಾಗಲೇ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ, ತಮ್ಮದೇ ಹೆಸರು ಕೆತ್ತಿದ ಕಲ್ಲಿನ ಕೆಳಗೆ ನೆಲೆಗೊಂಡಿತ್ತು.